ಇಂಟರ್‌ಲ್ಯೂಕಿನ್-5, ಅಲರ್ಜಿ ಮತ್ತು ‘ಇಸ್ನೋಫಿಲಿಯಾ’: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರುಗಳಲ್ಲಿ ‘ಇಸ್ನೋಫಿಲಿಯಾ’ ಎಂಬ ಪದ ಕೇಳದ ಮನೆ ಕಡಿಮೆ. ಬೆಳಗಾದರೆ ಸಾಲು ಸೀನು, ರಾತ್ರಿಯಾದರೆ ಒಣ ಕೆಮ್ಮು, ಮಳೆಗಾಲದ ಥಂಡಿಗೆ ಎದೆಯಲ್ಲಿ ಗೂರಲು, ಎಲ್ಲಕ್ಕೂ ಅದೇ ಹೆಸರು. ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದ ನನ್ನನ್ನು, ವರದಿಯನ್ನು ಕೈಯಲ್ಲಿ ಹಿಡಿದು ಜನರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಆಧಾರ. ಅವುಗಳ ಬೆನ್ನು ಹತ್ತಿ ಹೋದರೆ ಹೆಚ್ಚಿನವು ಒಂದು ಪುಟ್ಟ ಪ್ರೋಟೀನಿನ ಬಳಿಗೆ ಕರೆದೊಯ್ಯುತ್ತವೆ. ಅದೇ ಇಂಟರ್‌ಲ್ಯೂಕಿನ್-5, ಚಿಕ್ಕದಾಗಿ ಐಎಲ್-5.

ಇಸ್ನೋಫಿಲಿಯಾ ಎಂಬುದು ಒಂದು ಕಾಯಿಲೆಯೇ?

ಅಲ್ಲ. ಜ್ವರದಂತೆ ಅದೂ ಒಂದು ಗುರುತು ಮಾತ್ರ. ಪುಸ್ತಕಗಳಲ್ಲಿ ಇಯೋಸಿನೋಫಿಲಿಯಾ ಎಂದಿರುವುದು ಜನರ ನಾಲಿಗೆಯಲ್ಲಿ ಇಸ್ನೋಫಿಲಿಯಾ ಆಗಿದೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತದಲ್ಲಿ ಮಾಮೂಲಿಗಿಂತ ಹೆಚ್ಚಿವೆ ಎಂಬುದಷ್ಟೇ ಅದರ ಅರ್ಥ. ಏಕೆ ಹೆಚ್ಚಿವೆ ಎಂಬುದನ್ನು ಆ ಪದ ಹೇಳುವುದಿಲ್ಲ.

ಈ ಕಣವನ್ನು 1879ರಲ್ಲಿ ಗುರುತಿಸಿ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಕ್. ಇಯೋಸಿನ್ ಎಂಬ ಬಣ್ಣವನ್ನು ಹೀರಿಕೊಂಡು ಕೆಂಪಾಗುವುದರಿಂದ ಆ ಹೆಸರು ಬಂತು. ಬಣ್ಣದ ಹೆಸರಿನ ಮೂಲ ಗ್ರೀಕರ ಉಷಾದೇವಿ ಇಯೋಸ್. ಗಾಜಿನ ಪಟ್ಟಿಯ ಮೇಲಿನ ರಕ್ತದ ಲೇಪದಲ್ಲಿ ನೂರು ಬಿಳಿ ಕಣಗಳನ್ನು ಎಣಿಸಿದರೆ ಆರೋಗ್ಯವಂತರಲ್ಲಿ ಎರಡೋ ಮೂರೋ ಸಿಗುತ್ತವೆ. ಎರಡು ಹೋಳಿನ ಕೋಶಕೇಂದ್ರ, ಅದರ ಸುತ್ತ ದಾಳಿಂಬೆಯ ಕಾಳುಗಳಂತೆ ಒತ್ತಾಗಿ ತುಂಬಿದ ಕೆಂಪು ಹರಳುಗಳು. ಎಷ್ಟು ಸಾವಿರ ನೋಡಿದ್ದರೂ ಒಂದು ಕಂಡಾಗ ನನ್ನ ಕಣ್ಣು ಅಲ್ಲಿ ಕ್ಷಣಕಾಲ ನಿಲ್ಲುತ್ತದೆ.

ವರದಿಯಲ್ಲಿ ‘ಇಯೋಸಿನೋಫಿಲ್ ಶೇಕಡ 8’ ಎಂದಿದೆ. ಗಾಬರಿಪಡಬೇಕೇ?

ಶೇಕಡಾವಾರು ಒಂದನ್ನೇ ನೋಡಿ ಗಾಬರಿಪಡಬೇಡಿ. ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯೊಂದಿಗೆ ಅದನ್ನು ಗುಣಿಸಿ ನೋಡಬೇಕು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು 6,000 ಬಿಳಿ ಕಣಗಳಿದ್ದರೆ ಶೇಕಡ 8 ಎಂದರೆ 480. ಒಟ್ಟು 12,000 ಇದ್ದರೆ ಅದೇ ಶೇಕಡ 8 ಎಂದರೆ 960. ಮೊದಲನೆಯದು ಸಾಮಾನ್ಯದ ಒಳಗೇ ಇದೆ, ಎರಡನೆಯದು ಇಲ್ಲ. ಸಾಮಾನ್ಯವಾಗಿ 500ರವರೆಗೆ ಸರಿಯಾದ ಮಟ್ಟ ಎಂದು ಹಿಡಿಯುತ್ತಾರೆ. ವರದಿಯಲ್ಲಿ ‘ಎಇಸಿ’ ಎಂದು ಬರೆದಿರುವುದು ಈ ನೇರ ಸಂಖ್ಯೆಯನ್ನೇ.

ಇನ್ನೆರಡು ಸಂಗತಿಗಳನ್ನು ನೆನಪಿಡಿ. ಈ ಸಂಖ್ಯೆ ದಿನದೊಳಗೇ ಏರಿಳಿಯುತ್ತದೆ: ದೇಹದ ಕಾರ್ಟಿಸೋಲ್ ಎಂಬ ಹಾರ್ಮೋನು ಹೆಚ್ಚಿರುವ ಬೆಳಗಿನ ಹೊತ್ತು ಕಡಿಮೆ, ರಾತ್ರಿ ಹೆಚ್ಚು. ಸ್ಟಿರಾಯ್ಡ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಕುಸಿಯುತ್ತದೆ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರ ವರದಿಯಲ್ಲಿ ‘ಇಯೋಸಿನೋಫಿಲ್ 0’ ಎಂದು ಬಂದರೆ ಒಳಗಿನ ತೊಂದರೆ ಮುಗಿಯಿತು ಎಂದು ತಿಳಿಯಬಾರದು. 1,500ಕ್ಕಿಂತ ಮೇಲೆ ಹೋಗಿ ವಾರಗಟ್ಟಲೆ ಅಲ್ಲೇ ಉಳಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು, ಏಕೆಂದರೆ ಅಷ್ಟು ಹೆಚ್ಚಾದ ಕಣಗಳು ಹೃದಯಕ್ಕೂ ನರಗಳಿಗೂ ಹಾನಿ ಮಾಡಬಲ್ಲವು.

ಐಎಲ್-5 ಎಂದರೇನು?

ರೋಗನಿರೋಧಕ ವ್ಯವಸ್ಥೆಯ ಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ಪ್ರೋಟೀನುಗಳಿಗೆ ಸೈಟೋಕೈನ್ ಎನ್ನುತ್ತಾರೆ. ಐಎಲ್-5 ಅಂಥದ್ದೊಂದು ಸೈಟೋಕೈನ್, ಅದರ ಸಂದೇಶ ಮುಖ್ಯವಾಗಿ ಇಯೋಸಿನೋಫಿಲ್‌ಗೆ. ಮೂಳೆಯ ಮಜ್ಜೆಯಲ್ಲಿ ಇಯೋಸಿನೋಫಿಲ್‌ಗಳು ಬಲಿಯುವುದು, ಬಲಿತವು ರಕ್ತಕ್ಕೆ ಇಳಿಯುವುದು, ಅಂಗಾಂಶವನ್ನು ಸೇರಿದ ಮೇಲೆ ಸಾಯದೆ ಉಳಿಯುವುದು, ಈ ಮೂರಕ್ಕೂ ಐಎಲ್-5 ಬೇಕು. ರಕ್ತದಲ್ಲಿ ಇಯೋಸಿನೋಫಿಲ್ ತಂಗುವುದು ಒಂದು ದಿನಕ್ಕಿಂತ ಕಡಿಮೆ. ಐಎಲ್-5 ಸಿಗುವ ಜಾಗದಲ್ಲಿ ಅದೇ ಕಣ ಎಷ್ಟೋ ದಿನ ಬದುಕುತ್ತದೆ.

ರಚನೆಯಲ್ಲೂ ಇದು ವಿಶೇಷವಾದುದು. ಇದರ ಕುಟುಂಬದ ಹಲವು ಪ್ರೋಟೀನುಗಳು ಒಂಟಿ ಸರಪಳಿಯಾಗಿ ಕೆಲಸ ಮಾಡಿದರೆ, ಐಎಲ್-5ರಲ್ಲಿ ಒಂದೇ ಬಗೆಯ ಎರಡು ಸರಪಳಿಗಳು ಎದುರುಬದುರಾಗಿ ಹೆಣೆದುಕೊಂಡಿವೆ. ಅದನ್ನು ಹಿಡಿಯಲು ಕೋಶದ ಮೈಮೇಲಿರುವ ಗ್ರಾಹಕ ಎಂಬ ಪ್ರೋಟೀನಿಗೂ ಎರಡು ಭಾಗಗಳಿವೆ. ಆಲ್ಫಾ ಭಾಗ ಐಎಲ್-5ಕ್ಕಷ್ಟೇ ಮೀಸಲು. ಬೀಟಾ ಭಾಗವನ್ನು ಐಎಲ್-3 ಮತ್ತು ಜಿಎಂ-ಸಿಎಸ್ಎಫ್ ಎಂಬ ಇನ್ನೆರಡು ಸೈಟೋಕೈನುಗಳೂ ಬಳಸುತ್ತವೆ. ಆಲ್ಫಾ ಭಾಗ ಮನುಷ್ಯರಲ್ಲಿ ಹೇರಳವಾಗಿರುವುದು ಇಯೋಸಿನೋಫಿಲ್ ಮತ್ತು ಬೇಸೋಫಿಲ್ ಎಂಬ ಎರಡು ಕಣಗಳ ಮೇಲೆ. ಇದನ್ನೇ ಗುರಿಯಾಗಿಸಿ ಔಷಧ ತಯಾರಿಸಲು ಸಾಧ್ಯವಾದದ್ದು ಆದ್ದರಿಂದಲೇ.

ಇದನ್ನು ಕಂಡುಹಿಡಿದವರು ಯಾರು?

ಒಂದೇ ಪ್ರೋಟೀನಿಗೆ ಹಲವು ಪ್ರಯೋಗಾಲಯಗಳು ಹಲವು ಹೆಸರಿಟ್ಟಿದ್ದವು. ಜಪಾನಿನಲ್ಲಿ ಕಿಯೋಶಿ ತಕಾತ್ಸು ಅವರು ಪ್ರತಿಕಾಯಗಳನ್ನು (ಅನ್ಯ ವಸ್ತುಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು) ತಯಾರಿಸುವ ಬಿ ಕೋಶಗಳನ್ನು ಪ್ರಚೋದಿಸುವ ಅಂಶವೊಂದನ್ನು ಅರಸುತ್ತಿದ್ದರು. ಬ್ರಿಟನ್ನಿನಲ್ಲಿ ಕಾಲಿನ್ ಸ್ಯಾಂಡರ್ಸನ್ ಅವರು ಇಯೋಸಿನೋಫಿಲ್‌ಗಳನ್ನು ಬೆಳೆಸುವ ಅಂಶವನ್ನು ಹುಡುಕುತ್ತಿದ್ದರು. 1986ರಲ್ಲಿ ತಕಾತ್ಸು, ತಾಸುಕು ಹೊಂಜೊ ಮುಂತಾದವರ ತಂಡ ಇಲಿಯ ಜೀನನ್ನು ಪ್ರತ್ಯೇಕಿಸಿದ ಮೇಲೆ, ಇಬ್ಬರೂ ಹುಡುಕುತ್ತಿದ್ದುದು ಒಂದನ್ನೇ ಎಂಬುದು ಗೊತ್ತಾಯಿತು. ಮುಂದೆ 2018ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಗೆ ನೊಬೆಲ್ ಪಡೆದ ಹೊಂಜೊ ಇವರೇ. ಮನುಷ್ಯರಲ್ಲಿ ಈ ಜೀನ್ ಇರುವುದು ಐದನೆಯ ವರ್ಣತಂತುವಿನಲ್ಲಿ, ಅಲರ್ಜಿಯಲ್ಲಿ ಪಾತ್ರವಿರುವ ಐಎಲ್-4 ಮತ್ತು ಐಎಲ್-13ರ ಜೀನುಗಳ ನೆರೆಯಲ್ಲೇ.

ದೂಳು ಮೂಗಿಗೆ ಹೋದರೆ ಮೂಳೆಯ ಮಜ್ಜೆಗೆ ಸುದ್ದಿ ಹೋಗುವುದು ಹೇಗೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಹಾಸಿಗೆ, ದಿಂಬುಗಳ ದೂಳಿನಲ್ಲಿ ಮೈಟ್ ಎಂಬ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಅವುಗಳ ಹಿಕ್ಕೆಯಲ್ಲಿರುವ ಪ್ರೋಟೀನು ಉಸಿರಿನೊಂದಿಗೆ ಶ್ವಾಸನಾಳ ಸೇರಿತು ಎನ್ನೋಣ. ಶ್ವಾಸನಾಳದ ಒಳಪದರ ಸುಮ್ಮನೆ ಕುಳಿತ ಗೋಡೆಯಲ್ಲ. ಗಾಸಿಯಾದೊಡನೆ ಆ ಕೋಶಗಳು ಟಿಎಸ್ಎಲ್‌ಪಿ, ಐಎಲ್-25, ಐಎಲ್-33 ಎಂಬ ಎಚ್ಚರಿಕೆಯ ಪ್ರೋಟೀನುಗಳನ್ನು ಹೊರಬಿಡುತ್ತವೆ. ಹತ್ತಿರದಲ್ಲಿರುವ ಡೆಂಡ್ರೈಟಿಕ್ ಕೋಶ ಆ ಅನ್ಯ ಪ್ರೋಟೀನನ್ನು ತುಣುಕು ಮಾಡಿ, ದುಗ್ಧಗ್ರಂಥಿಗೆ ಹೊತ್ತೊಯ್ದು, ಅಲ್ಲಿನ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ. ಅಲರ್ಜಿಯ ಸ್ವಭಾವದವರಲ್ಲಿ ಆ ಟಿ ಕೋಶಗಳು ಟಿಎಚ್2 ಎಂಬ ಬಗೆಗೆ ತಿರುಗುತ್ತವೆ. ಸಹಾಯಕ ಟಿ ಕೋಶಗಳಲ್ಲಿ ಇಂಥ ಎರಡು ಬಗೆಗಳಿವೆ ಎಂದು 1986ರಲ್ಲಿ ತೋರಿಸಿದವರು ಮೋಸ್‌ಮನ್ ಮತ್ತು ಕಾಫ್‌ಮನ್.

ಟಿಎಚ್2 ಕೋಶ ಒಂದೇ ಸಂದೇಶ ಕಳುಹಿಸುವುದಿಲ್ಲ. ಅದರ ಐಎಲ್-4 ಬಿ ಕೋಶಗಳಿಗೆ ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಲು ಹೇಳುತ್ತದೆ. ಐಎಲ್-13 ಶ್ವಾಸನಾಳದಲ್ಲಿ ಕಫ ಹೆಚ್ಚಿಸುತ್ತದೆ, ಸ್ನಾಯುವನ್ನು ಮುಟ್ಟಿದರೆ ಮುದುಡುವಂತೆ ಮಾಡುತ್ತದೆ. ಐಎಲ್-5 ರಕ್ತದ ಮೂಲಕ ಮಜ್ಜೆಯವರೆಗೂ ಹೋಗಿ ಇಯೋಸಿನೋಫಿಲ್‌ಗಳನ್ನು ಹೊರಡಿಸುತ್ತದೆ. ಹೊರಟ ಕಣಗಳು ಎಲ್ಲಿ ಇಳಿಯಬೇಕು ಎಂದು ದಾರಿ ತೋರುವುದು ಇಯೋಟಾಕ್ಸಿನ್ ಎಂಬ ಬೇರೊಂದು ಗುಂಪು. ಕಣಗಳನ್ನು ಹೊರಡಿಸುವುದು ಐಎಲ್-5, ಇಳಿಸಿಕೊಳ್ಳುವುದು ಇಯೋಟಾಕ್ಸಿನ್. ಎರಡೂ ಸೇರಿದಾಗಲೇ ಶ್ವಾಸನಾಳದ ಗೋಡೆ ಇಯೋಸಿನೋಫಿಲ್‌ಗಳಿಂದ ತುಂಬುತ್ತದೆ.

1996ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಐಎಲ್-5 ಜೀನೇ ಇಲ್ಲದ ಇಲಿಗಳನ್ನು ಬಳಸಿ ಇದನ್ನು ಪರೀಕ್ಷಿಸಿದರು. ಮೊಟ್ಟೆಯ ಬಿಳಿಯ ಪ್ರೋಟೀನಿಗೆ ಅಲರ್ಜಿ ಬರಿಸಿ ಅದನ್ನೇ ಉಸಿರಾಡಿಸಿದಾಗ ಸಾಮಾನ್ಯ ಇಲಿಗಳ ಶ್ವಾಸಕೋಶ ಇಯೋಸಿನೋಫಿಲ್‌ಗಳಿಂದ ತುಂಬಿತು, ನಾಳಗಳು ಬಿಗಿದವು. ಐಎಲ್-5 ಇಲ್ಲದ ಇಲಿಗಳಲ್ಲಿ ಎರಡೂ ಆಗಲಿಲ್ಲ. ಉಬ್ಬಸದ ಬೀಗದ ಕೈ ಸಿಕ್ಕಿತೆಂದು ಆಗ ಅನೇಕರು ನಂಬಿದರು. ಆದರೆ ಇಲಿಯಲ್ಲಿ ನಡೆದದ್ದೆಲ್ಲ ಮನುಷ್ಯರಲ್ಲಿ ನಡೆಯಲಿಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಅಲರ್ಜಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಇಯೋಸಿನೋಫಿಲ್ ಹೆಚ್ಚಿದೆ. ಹೇಗೆ?

ಐಎಲ್-5 ತಯಾರಿಸಲು ಅಲರ್ಜಿಯೇ ಬೇಕೆಂದಿಲ್ಲ. 2010ರ ಸುಮಾರಿಗೆ ಜಪಾನ್, ಬ್ರಿಟನ್ ಮೊದಲಾದ ಕಡೆಯ ಪ್ರಯೋಗಾಲಯಗಳು ಇಂದು ಐಎಲ್‌ಸಿ2 ಎಂದು ಕರೆಯುವ ಕೋಶಗಳನ್ನು ಗುರುತಿಸಿದವು. ಇವಕ್ಕೆ ಟಿ ಕೋಶಗಳಂತೆ ನಿರ್ದಿಷ್ಟ ಶತ್ರುವಿನ ಗುರುತು ಬೇಕಿಲ್ಲ, ಐಜಿಇ ಬೇಕಿಲ್ಲ. ಶ್ವಾಸನಾಳದ ಒಳಪದರ ಕಳುಹಿಸುವ ಎಚ್ಚರಿಕೆ ಮುಟ್ಟಿದರೆ ಸಾಕು, ಐಎಲ್-5 ಸುರಿಸುತ್ತವೆ.

ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಉಬ್ಬಸ ಶುರುವಾದವರಲ್ಲಿ ಇಂಥವರು ಅನೇಕ. ಜೊತೆಗೆ ಮೂಗಿನಲ್ಲಿ ದುರ್ಮಾಂಸ, ವಾಸನೆ ತಿಳಿಯದಿರುವುದು, ಕೆಲವರಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವುದು. ಇವರನ್ನು ‘ನಿಮಗೆ ಯಾವುದೋ ಅಲರ್ಜಿ ಇದೆ, ಹುಡುಕಿಕೊಳ್ಳಿ’ ಎಂದು ಕಳುಹಿಸಿದರೆ ಅವರು ವರ್ಷಗಟ್ಟಲೆ ಹಾಲು, ಮೊಟ್ಟೆ, ಬದನೆಕಾಯಿ ಬಿಡುತ್ತಾ ಕೂರುತ್ತಾರೆ. ನನ್ನ ಹತ್ತಿರದ ಬಂಧುವೊಬ್ಬರು ಹಾಗೆಯೇ ಆರು ವರ್ಷ ಕಳೆದರು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಇಯೋಸಿನೋಫಿಲ್ ಶ್ವಾಸನಾಳದಲ್ಲಿ ಮಾಡುವ ಹಾನಿ ಏನು?

ಆ ಕೆಂಪು ಹರಳುಗಳೊಳಗೆ ಕೋಶಗಳನ್ನು ಕೊಲ್ಲಬಲ್ಲ ಪ್ರೋಟೀನುಗಳಿವೆ. ಹುಳುಗಳಂಥ ದೊಡ್ಡ ಪರಾವಲಂಬಿಗಳ ಮೇಲೆ ಪ್ರಯೋಗಿಸಬೇಕಾದ ಅಸ್ತ್ರಗಳು ನಮ್ಮದೇ ಶ್ವಾಸನಾಳದ ಒಳಪದರದ ಮೇಲೆ ಬಿದ್ದರೆ ಅದು ಕಿತ್ತು ಬರುತ್ತದೆ. ನಾಳವನ್ನು ಬಿಗಿಯುವ ಲ್ಯೂಕೋಟ್ರೀನ್‌ಗಳನ್ನೂ, ಗೋಡೆಯನ್ನು ಕಾಲಕ್ರಮದಲ್ಲಿ ದಪ್ಪವಾಗಿಸುವ ಅಂಶಗಳನ್ನೂ ಈ ಕಣ ಸ್ರವಿಸುತ್ತದೆ.

ಉಬ್ಬಸದವರ ಕಫದಲ್ಲಿ ಸೂಜಿಮೊನೆಯ ಉದ್ದನೆಯ ಸ್ಫಟಿಕಗಳು ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೇ ಅವನ್ನು ವರ್ಣಿಸಿದ ಇಬ್ಬರ ನೆನಪಿಗೆ ಶಾರ್ಕೋ-ಲೈಡನ್ ಸ್ಫಟಿಕ ಎಂದು ಹೆಸರು. ಸತ್ತ ಇಯೋಸಿನೋಫಿಲ್‌ಗಳ ಗ್ಯಾಲೆಕ್ಟಿನ್-10 ಎಂಬ ಪ್ರೋಟೀನೇ ಹಾಗೆ ಗಟ್ಟಿಯಾಗುತ್ತದೆ. ನಾವು ಕಲಿಯುವಾಗ ಅವು ಬರೀ ಅವಶೇಷ ಎಂದು ಹೇಳಿಕೊಟ್ಟಿದ್ದರು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಆ ಸ್ಫಟಿಕಗಳೇ ಉರಿಯೂತವನ್ನು ಕೆರಳಿಸುತ್ತವೆ ಎಂದು ತೋರಿಸಿದರು.

ಸೆಟ್ರಿಜಿನ್ ನುಂಗಿದರೆ ಐಎಲ್-5 ಇಳಿಯುತ್ತದೆಯೇ?

ಇಲ್ಲ. ಸೆಟ್ರಿಜಿನ್ ಅಲರ್ಜಿಯಲ್ಲಿ ಬಿಡುಗಡೆಯಾಗುವ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ, ಸೀನು ಮತ್ತು ತುರಿಕೆಗೆ ಅನುಕೂಲ. ಮಾಂಟೆಲುಕಾಸ್ಟ್ ಲ್ಯೂಕೋಟ್ರೀನನ್ನು ತಡೆಯುತ್ತದೆ. ಉಬ್ಬಸಕ್ಕೆ ಆಧಾರವಾಗಿರಬೇಕಾದುದು ಉಸಿರಿನ ಮೂಲಕ ಒಳಗೆಳೆದುಕೊಳ್ಳುವ ಸ್ಟಿರಾಯ್ಡ್, ಅಂದರೆ ಇನ್ಹೇಲರ್. ಅದು ಐಎಲ್-5 ತಯಾರಾಗುವುದನ್ನೂ ತಗ್ಗಿಸುತ್ತದೆ, ಇಯೋಸಿನೋಫಿಲ್‌ಗಳು ಬೇಗ ಸಾಯುವಂತೆಯೂ ಮಾಡುತ್ತದೆ. ‘ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ’ ಎಂಬ ಭಯದಿಂದ ಅದನ್ನು ಬಿಟ್ಟು, ಉಸಿರು ಕಟ್ಟಿದಾಗಲೆಲ್ಲ ಸ್ಟಿರಾಯ್ಡ್ ಮಾತ್ರೆ ನುಂಗುವವರನ್ನು ಕಂಡಿದ್ದೇನೆ. ಒಂದೇ ಮಾತ್ರೆಯಲ್ಲಿರುವ ಸ್ಟಿರಾಯ್ಡ್ ಇನ್ಹೇಲರಿನ ಒಂದು ಎಳೆತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದು ಇಡೀ ಮೈಗೆ ಹೋಗುತ್ತದೆ.

ಹಾಗಾದರೆ ಐಎಲ್-5 ಒಂದನ್ನೇ ತಡೆದರೆ ಉಬ್ಬಸ ಹೋಗಬೇಕಲ್ಲವೇ?

ಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಐಎಲ್-5ನ್ನು ಹಿಡಿದು ನಿಷ್ಕ್ರಿಯಗೊಳಿಸುವ ಮೆಪೋಲಿಝುಮ್ಯಾಬ್ ಎಂಬ ಪ್ರತಿಕಾಯ ಸಿದ್ಧವಾಯಿತು. 2000ದಲ್ಲಿ ಸೌಮ್ಯ ಉಬ್ಬಸದ 24 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಒಂದೇ ಡೋಸಿಗೆ ರಕ್ತದ ಇಯೋಸಿನೋಫಿಲ್‌ಗಳು ಬಹುಪಾಲು ಮಾಯ. ಆದರೆ ಅಲರ್ಜಿಕಾರಕವನ್ನು ಉಸಿರಾಡಿಸಿದಾಗ ಶ್ವಾಸನಾಳ ಮೊದಲಿನಂತೆಯೇ ಬಿಗಿಯಿತು. 2007ರಲ್ಲಿ 362 ರೋಗಿಗಳ ದೊಡ್ಡ ಪ್ರಯೋಗದ ವರದಿ ಬಂತು, ಅಲ್ಲೂ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ನಡುವೆ ಶ್ವಾಸನಾಳದ ಚೂರು ತೆಗೆದು ನೋಡಿದವರಿಗೆ, ರಕ್ತ ಬರಿದಾದರೂ ಗೋಡೆಯೊಳಗೆ ಸುಮಾರು ಅರ್ಧದಷ್ಟು ಇಯೋಸಿನೋಫಿಲ್‌ಗಳು ಹಾಗೆಯೇ ಉಳಿದಿರುವುದು ಕಂಡಿತು. ಉಬ್ಬಸದಲ್ಲಿ ಇಯೋಸಿನೋಫಿಲ್‌ಗೆ ಪಾತ್ರವೇ ಇಲ್ಲ ಎಂದು ಕೆಲವರು ತೀರ್ಮಾನಿಸಿಯೂಬಿಟ್ಟರು.

ಈ ಗಂಟು ಬಿಚ್ಚಿದ್ದು ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು. ಇದರ ಬೇರು 1958ರಲ್ಲಿದೆ. ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಉಬ್ಬಸಕ್ಕೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ಅನುಮಾನಪಡುತ್ತಿದ್ದ ಕಾಲ. ಡರ್ಬಿಯ ವೈದ್ಯ ಹ್ಯಾರಿ ಮಾರೋ ಬ್ರೌನ್ ತಮ್ಮ ರೋಗಿಗಳ ಕಫವನ್ನು ತಾವೇ ಪರೀಕ್ಷಿಸಿದರು. ಇಯೋಸಿನೋಫಿಲ್ ಇದ್ದವರಿಗೆ ಪ್ರೆಡ್ನಿಸೋಲೋನ್ ನಾಟಿತು, ಇಲ್ಲದವರಿಗೆ ನಾಟಲಿಲ್ಲ. ಎಲ್ಲರನ್ನೂ ಒಂದೇ ರಾಶಿ ಹಾಕಿ ಸರಾಸರಿ ತೆಗೆದಾಗ ಮದ್ದಿನ ಗುಣ ಮುಚ್ಚಿಹೋಗಿತ್ತು. ಸೂಕ್ಷ್ಮದರ್ಶಕದ ಮುಂದೆ ಕೂತು ಬಾಳಿದ ನನಗೆ ಈ ಮನುಷ್ಯನ ಮೇಲೆ ವಿಶೇಷ ಗೌರವ.

2002ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅದೇ ವಿಚಾರ ಮತ್ತೆ ಚಿಗುರಿತು. 74 ರೋಗಿಗಳಲ್ಲಿ ಅರ್ಧ ಮಂದಿಗೆ ಮಾಮೂಲಿ ಚಿಕಿತ್ಸೆ, ಇನ್ನರ್ಧಕ್ಕೆ ಕಫದ ಇಯೋಸಿನೋಫಿಲ್ ಎಣಿಕೆ ನೋಡಿ ಸ್ಟಿರಾಯ್ಡ್ ಹೆಚ್ಚು ಕಡಿಮೆ ಮಾಡುವ ಚಿಕಿತ್ಸೆ. ಒಂದು ವರ್ಷದಲ್ಲಿ ಮೊದಲ ಗುಂಪಿನಲ್ಲಿ 109 ತೀವ್ರ ಉಲ್ಬಣಗಳು, ಎರಡನೆಯದರಲ್ಲಿ 35. ದಿನನಿತ್ಯದ ಗೂರಲಿಗೂ ಆಸ್ಪತ್ರೆಗೆ ಓಡಿಸುವ ಉಲ್ಬಣಕ್ಕೂ ಕಾರಣ ಬೇರೆ ಬೇರೆ, ಎರಡನೆಯದರ ಹಿಂದೆ ಇರುವುದು ಇಯೋಸಿನೋಫಿಲ್ ಎಂಬುದು ಇದರಿಂದ ನಿಚ್ಚಳವಾಯಿತು.

ಆಮೇಲೆ ಮೆಪೋಲಿಝುಮ್ಯಾಬನ್ನು ಸರಿಯಾದವರಿಗೆ ಕೊಟ್ಟು ನೋಡಿದರು. ಲೆಸ್ಟರ್‌ನಲ್ಲಿ 61 ಮಂದಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ 20 ಮಂದಿ, ಎಲ್ಲರೂ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೂ ಇಯೋಸಿನೋಫಿಲ್ ಇಳಿಯದವರು. ಎರಡೂ ವರದಿಗಳು 2009ರಲ್ಲಿ ಒಟ್ಟಿಗೆ ಬಂದವು. ಲೆಸ್ಟರ್‌ನಲ್ಲಿ ಹುಸಿಮದ್ದು ಪಡೆದವರಿಗೆ ವರ್ಷಕ್ಕೆ ಸರಾಸರಿ 3.4 ಉಲ್ಬಣಗಳಾದರೆ ನಿಜವಾದ ಮದ್ದು ಪಡೆದವರಿಗೆ 2.0 ಆದವು. 2014ರ ದೊಡ್ಡ ಪ್ರಯೋಗದಲ್ಲಿ ಚರ್ಮದಡಿ ಚುಚ್ಚುಮದ್ದು ಪಡೆದವರ ಉಲ್ಬಣಗಳು ಶೇಕಡ 53ರಷ್ಟು ಕಡಿಮೆಯಾದವು. ಅದೇ ವರ್ಷದ ಇನ್ನೊಂದರಲ್ಲಿ, ನಿತ್ಯ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದವರ ಡೋಸ್ ಅರ್ಧಕ್ಕೆ ಇಳಿಯಿತು. 2015ರ ನವೆಂಬರಿನಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಸೋತಿತೆಂದು ಬದಿಗಿಟ್ಟಿದ್ದ ಮದ್ದು ಅದೇ. ಬದಲಾದದ್ದು ಅದನ್ನು ಯಾರಿಗೆ ಕೊಡಬೇಕು ಎಂಬ ತಿಳಿವಳಿಕೆ.

ಈಗ ದೊರೆಯುವ ಔಷಧಗಳು ಯಾವುವು? ಅವುಗಳಲ್ಲಿ ವ್ಯತ್ಯಾಸವೇನು?

ಮೆಪೋಲಿಝುಮ್ಯಾಬ್ ಮತ್ತು ರೆಸ್ಲಿಝುಮ್ಯಾಬ್ ಐಎಲ್-5ನ್ನೇ ಹಿಡಿಯುತ್ತವೆ. ಮೊದಲನೆಯದನ್ನು ದೊಡ್ಡವರ ಉಬ್ಬಸಕ್ಕೆ ನಾಲ್ಕು ವಾರಕ್ಕೊಮ್ಮೆ 100 ಮಿಲಿಗ್ರಾಂನಂತೆ ಚರ್ಮದಡಿ ಕೊಡುತ್ತಾರೆ, ಎರಡನೆಯದನ್ನು ತೂಕ ನೋಡಿ ರಕ್ತನಾಳದ ಮೂಲಕ ಕೊಡುತ್ತಾರೆ. 2017ರಲ್ಲಿ ಬಂದ ಬೆನ್‌ರಲಿಝುಮ್ಯಾಬ್ ಬೇರೆ ದಾರಿ ಹಿಡಿದಿದೆ. ಅದು ಇಯೋಸಿನೋಫಿಲ್‌ನ ಮೈಮೇಲಿರುವ ಗ್ರಾಹಕದ ಆಲ್ಫಾ ಭಾಗಕ್ಕೆ ಅಂಟಿಕೊಂಡು, ಎನ್‌ಕೆ ಎಂಬ ಕೊಲ್ಲುವ ಬಿಳಿ ರಕ್ತಕಣಗಳನ್ನು ಕರೆದು ಆ ಕಣವನ್ನೇ ಕೊಲ್ಲಿಸುತ್ತದೆ. ಅದನ್ನು ಪಡೆದವರ ರಕ್ತದಲ್ಲಿ ಇಯೋಸಿನೋಫಿಲ್ ಹುಡುಕಿದರೂ ಸಿಗುವುದಿಲ್ಲ. ಮೊದಲ ಮೂರು ಡೋಸ್ ನಾಲ್ಕು ವಾರಕ್ಕೊಮ್ಮೆ, ಬಳಿಕ ಎಂಟು ವಾರಕ್ಕೊಮ್ಮೆ.

ಇವು ಬಲು ದುಬಾರಿ. ಬಹುಪಾಲು ಜನರ ಉಬ್ಬಸಕ್ಕೆ ಇವುಗಳ ಅಗತ್ಯವೂ ಇಲ್ಲ. ಇನ್ಹೇಲರನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಡೋಸಿನಲ್ಲಿ, ತಪ್ಪದೆ ಬಳಸಿಯೂ ಮತ್ತೆ ಮತ್ತೆ ಉಲ್ಬಣವಾಗುವವರಿಗೆ, ಅದರಲ್ಲೂ ಇಯೋಸಿನೋಫಿಲ್ ಎಣಿಕೆ 150ಕ್ಕಿಂತ, ಇನ್ನೂ ಖಚಿತವಾಗಿ ಹೇಳುವುದಾದರೆ 300ಕ್ಕಿಂತ ಹೆಚ್ಚಿರುವವರಿಗೆ ಮಾತ್ರ ಇವುಗಳ ಮಾತು ಬರುತ್ತದೆ. ತಲೆನೋವು, ಚುಚ್ಚಿದ ಜಾಗದಲ್ಲಿ ನೋವು ಸಾಮಾನ್ಯ ಅಡ್ಡಪರಿಣಾಮಗಳು. ಉಸಿರು ಕಟ್ಟಿದ ಗಳಿಗೆಯಲ್ಲಿ ಇವು ಕೆಲಸಕ್ಕೆ ಬರುವುದಿಲ್ಲ.

ಚರ್ಮದ ತುರಿಕೆಗೂ ಈ ಚುಚ್ಚುಮದ್ದು ಆಗುತ್ತದೆಯೇ?

ಅಲರ್ಜಿಯ ಎಕ್ಸಿಮಾದಲ್ಲಿ ಮೆಪೋಲಿಝುಮ್ಯಾಬ್ ಫಲ ಕೊಡಲಿಲ್ಲ. ಅಲ್ಲಿ ಮುಂಚೂಣಿಯಲ್ಲಿರುವುದು ಐಎಲ್-4, ಐಎಲ್-13 ಮತ್ತು ತುರಿಕೆಯ ನರಗಳನ್ನು ಕೆಣಕುವ ಐಎಲ್-31. ಅನ್ನನಾಳದ ಇಯೋಸಿನೋಫಿಲಿಕ್ ಉರಿಯೂತದ ಕಥೆ ಇನ್ನೂ ಯೋಚನೆಗೆ ಹಚ್ಚುತ್ತದೆ: ಬೆನ್‌ರಲಿಝುಮ್ಯಾಬ್ ಕೊಟ್ಟಾಗ ಅನ್ನನಾಳದ ಗೋಡೆಯಿಂದ ಇಯೋಸಿನೋಫಿಲ್‌ಗಳು ಹೊರಟುಹೋದವು, ನುಂಗುವ ಕಷ್ಟ ಮಾತ್ರ ಹಾಗೆಯೇ ಉಳಿಯಿತು. ಕಾಯಿಲೆಯ ಹೆಸರಿನಲ್ಲೇ ಇರುವ ಕಣವೂ ಕಾಯಿಲೆಯ ಮೂಲವಲ್ಲದೆ ಇರಬಹುದು. ಇತ್ತ ಮೂಗಿನ ದುರ್ಮಾಂಸಕ್ಕೆ ಮತ್ತು ಇಯೋಸಿನೋಫಿಲ್‌ಗಳಿಂದ ರಕ್ತನಾಳಗಳು ಊದಿಕೊಳ್ಳುವ ಒಂದು ಅಪರೂಪದ ಕಾಯಿಲೆಗೆ ಮೆಪೋಲಿಝುಮ್ಯಾಬ್ ಪ್ರಯೋಜನಕಾರಿ.

ನಮ್ಮ ನಾಡಿನಲ್ಲಿ ಇಯೋಸಿನೋಫಿಲ್ ಹೆಚ್ಚಾದರೆ ಅಲರ್ಜಿಯೇ ಎಂದು ತಿಳಿಯಬಹುದೇ?

ಖಂಡಿತ ತಿಳಿಯಬಾರದು. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ. ಕರುಳಿನ ಜಂತುಹುಳ, ಕೊಕ್ಕೆಹುಳ, ಆನೆಕಾಲು ರೋಗದ ಹುಳ ಇವೆಲ್ಲವೂ ಟಿಎಚ್2 ದಾರಿಯನ್ನೇ ಎಬ್ಬಿಸಿ ಐಎಲ್-5 ಸುರಿಸುತ್ತವೆ. ರಕ್ತದ ವರದಿಯಲ್ಲಿ ಹುಳವೂ ದೂಳೂ ಒಂದೇ ರೀತಿ ಕಾಣುತ್ತವೆ.

ನಮ್ಮ ಕೋಲಾರದ ಗಡಿಯಾಚೆ, ಮದನಪಲ್ಲಿಯ ಆರೋಗ್ಯವರಂ ಕ್ಷಯ ಆಸ್ಪತ್ರೆಯಲ್ಲಿ ಫ್ರಿಮೊಟ್-ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು ವಿಚಿತ್ರ ರೋಗಿಗಳನ್ನು ಕಂಡರು. ಕೆಮ್ಮು, ತೂಕ ಇಳಿತ, ಕ್ಷಯದಂಥದೇ ಎಕ್ಸ್-ರೇ, ಆದರೆ ಕ್ಷಯವಲ್ಲ. ರಕ್ತದ ತುಂಬ ಇಯೋಸಿನೋಫಿಲ್‌ಗಳು. 1940ರಲ್ಲಿ ಅವರು ಇದನ್ನು ಬರೆದರು. 1943ರಲ್ಲಿ ವೈನ್‌ಗಾರ್ಟನ್ ‘ಟ್ರಾಪಿಕಲ್ ಇಯೋಸಿನೋಫಿಲಿಯಾ’ ಎಂದು ಹೆಸರಿಟ್ಟರು. ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಆನೆಕಾಲು ಹುಳದ ಮರಿಗಳ ವಿರುದ್ಧ ದೇಹ ನಡೆಸುವ ಅತಿರೇಕದ ಹೋರಾಟವೇ ಈ ಕಾಯಿಲೆ ಎಂಬುದು ಆಮೇಲೆ ಗೊತ್ತಾಯಿತು. ಎಣಿಕೆ 3,000 ದಾಟುತ್ತದೆ, ಕೆಮ್ಮು ರಾತ್ರಿ ಹೊತ್ತು ಹೆಚ್ಚು. ಆನೆಕಾಲು ಹುಳಕ್ಕೆ ಕೊಡುವ ಡಿಇಸಿ ಮಾತ್ರೆಗೆ ಇದು ಬಗ್ಗುತ್ತದೆ, ಇನ್ಹೇಲರಿಗೆ ಬಗ್ಗುವುದಿಲ್ಲ. ಆನೆಕಾಲು ರೋಗ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯೂ ಕರಾವಳಿಯಲ್ಲೂ ಇದ್ದದ್ದೇ. ನಮ್ಮ ಮನೆಮಾತಿನ ಇಸ್ನೋಫಿಲಿಯಾಕ್ಕೂ ಅಂದಿನ ಈ ಹೆಸರಿಗೂ ನಂಟಿದೆ ಎಂದು ನನಗೆ ಅನ್ನಿಸುತ್ತದೆ.

ಅಪಾಯ ಇನ್ನೊಂದಿದೆ. ಬರಿಗಾಲಿನಲ್ಲಿ ಒದ್ದೆ ಮಣ್ಣು ತುಳಿದಾಗ ಚರ್ಮ ಕೊರೆದು ಬರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳ ದಶಕಗಟ್ಟಲೆ ಒಳಗೇ ಇರಬಲ್ಲದು. ಎಷ್ಟೋ ಸಲ ಅದರ ಏಕೈಕ ಕುರುಹು ಹೆಚ್ಚಿದ ಇಯೋಸಿನೋಫಿಲ್. ‘ಅಲರ್ಜಿ’ ಎಂದು ಸ್ಟಿರಾಯ್ಡ್ ಕೊಟ್ಟರೆ ಹುಳಕ್ಕೆ ಕಡಿವಾಣ ತಪ್ಪಿ ಇಡೀ ದೇಹಕ್ಕೆ ಹರಡಿ ಜೀವಕ್ಕೇ ಎರವಾಗಬಹುದು. ಹೊಲಗದ್ದೆಯಲ್ಲಿ ದುಡಿಯುವವರಾದರೆ ಅದನ್ನು ವೈದ್ಯರಿಗೆ ತಾವಾಗಿಯೇ ಹೇಳಿ. ಐಎಲ್-5 ತಡೆಯುವ ಚುಚ್ಚುಮದ್ದಿಗೂ ಮೊದಲು ಹುಳದ ಸೋಂಕಿದ್ದರೆ ಅದಕ್ಕೆ ಚಿಕಿತ್ಸೆ ಆಗಬೇಕು.

ಇಯೋಸಿನೋಫಿಲ್ ಇಲ್ಲದೆ ಬದುಕಲು ಆಗುತ್ತದೆಯೇ?

ಬೆನ್‌ರಲಿಝುಮ್ಯಾಬ್ ಪಡೆದು ವರ್ಷಗಳಿಂದ ಬಹುತೇಕ ಇಯೋಸಿನೋಫಿಲ್ ಇಲ್ಲದೆ ಬದುಕುತ್ತಿರುವವರು ಇದ್ದಾರೆ. ಈವರೆಗಿನ ಅನುಭವದಲ್ಲಿ ಸೋಂಕುಗಳಾಗಲಿ ಬೇರೆ ಗಂಭೀರ ತೊಂದರೆಗಳಾಗಲಿ ಅವರಲ್ಲಿ ಎದ್ದು ಕಾಣುವಂತೆ ಹೆಚ್ಚಿಲ್ಲ.

ಮೊಸರು, ಬಾಳೆಹಣ್ಣು, ತಣ್ಣನೆಯ ನೀರು ಬಿಡಬೇಕೇ?

ಒಂದು ನಿರ್ದಿಷ್ಟ ಆಹಾರ ತಿಂದಾಗಲೆಲ್ಲ ನಿಮಗೆ ದದ್ದು, ವಾಂತಿ, ಉಸಿರಾಟದ ತೊಂದರೆ ಆಗುತ್ತಿದ್ದರೆ ಅದನ್ನು ಬಿಡಿ, ವೈದ್ಯರಿಗೂ ತಿಳಿಸಿ. ಅದಿಲ್ಲದೆ ಮಗುವಿನ ತಟ್ಟೆಯಿಂದ ಮೊಸರು, ಬಾಳೆಹಣ್ಣು ಕಸಿದುಕೊಂಡರೆ ಐಎಲ್-5 ಇಳಿಯುವುದಿಲ್ಲ. ಸೌದೆ ಒಲೆಯ ಹೊಗೆ, ಮುಚ್ಚಿದ ಕೋಣೆಯಲ್ಲಿ ಉರಿಸುವ ಊದುಬತ್ತಿ ಮತ್ತು ಸೊಳ್ಳೆಬತ್ತಿ, ಮನೆಯಲ್ಲಿ ಯಾರೋ ಸೇದುವ ಬೀಡಿ, ಗೋಡೆಯ ಬೂಷ್ಟು, ಇವು ಶ್ವಾಸನಾಳದ ಒಳಪದರವನ್ನು ನೇರವಾಗಿ ಗಾಸಿಗೊಳಿಸುತ್ತವೆ. ಶ್ರಮ ಹಾಕುವುದಾದರೆ ಅಲ್ಲಿ ಹಾಕಿ.

ರಕ್ತದಲ್ಲಿ ಐಎಲ್-5ನ್ನೇ ನೇರವಾಗಿ ಅಳೆಯಬಾರದೇಕೆ?

ಅದರ ಪ್ರಮಾಣ ತೀರ ಅಲ್ಪ, ಅಂಗಾಂಶದಲ್ಲಿ ಹುಟ್ಟಿ ಅಲ್ಲೇ ಬಹುಪಾಲು ಬಳಕೆಯಾಗುತ್ತದೆ. ಸಂಶೋಧನೆಗೆ ಅಳೆಯುತ್ತಾರೆ, ಚಿಕಿತ್ಸೆಯ ತೀರ್ಮಾನಕ್ಕೆ ಅದು ನೆರವಾಗುವುದಿಲ್ಲ. ಅಗ್ಗದ ಇಯೋಸಿನೋಫಿಲ್ ಎಣಿಕೆಯೇ ಸಾಕಷ್ಟು ಒಳ್ಳೆಯ ಸೂಚಕ.

ವೈದ್ಯರ ಬಳಿ ಹೋಗುವಾಗ ಏನು ಒಯ್ಯಬೇಕು?

ಹಳೆಯ ರಕ್ತದ ವರದಿಗಳನ್ನೆಲ್ಲ, ಎಷ್ಟೇ ಮಾಸಿದ್ದರೂ ಒಯ್ಯಿರಿ. ಒಂದೇ ದಿನದ ಎಣಿಕೆಗಿಂತ ನಾಲ್ಕೈದು ವರ್ಷದ ಎಣಿಕೆಗಳ ಸಾಲು ಹೆಚ್ಚು ಹೇಳುತ್ತದೆ. ಪ್ರತಿ ವರದಿಯ ಮೂಲೆಯಲ್ಲಿ, ಆ ವಾರ ಸ್ಟಿರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದು ಪಡೆದಿದ್ದರೆ ಬರೆದುಕೊಳ್ಳಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ನೆಬ್ಯುಲೈಸರ್ ಹಾಕಿಸಿಕೊಂಡಿರಿ, ಎಷ್ಟು ಸಲ ಆಸ್ಪತ್ರೆ ಸೇರಿದಿರಿ ಎಂಬುದನ್ನು ತಿಂಗಳ ಸಮೇತ ಗುರುತು ಹಾಕಿ. ಬಳಸುತ್ತಿರುವ ಇನ್ಹೇಲರನ್ನೇ ಕೈಯಲ್ಲಿ ಒಯ್ದು, ವೈದ್ಯರ ಎದುರೇ ಒಮ್ಮೆ ಎಳೆದು ತೋರಿಸಿ. ಎಳೆಯುವ ಕ್ರಮ ತಪ್ಪಿದ್ದರೆ ಅದು ತಿಳಿಯುವುದು ಆಗಲೇ. ಸ್ಟಿರಾಯ್ಡ್ ಶುರುವಾಗುವುದಕ್ಕೆ ಮೊದಲಿನ ಒಂದು ವರದಿ ನಿಮ್ಮ ಕಡತದಲ್ಲಿ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ.